ಯಾರಿಗೆ ಹೇಳುವುದು, ಯಾವಾಗ ಹೇಳುವುದು: ತೊನ್ನಿನ ಜೊತೆಗಿನ ಲೆಕ್ಕಾಚಾರ

ತೊನ್ನಿಗೆ ನೋವಿಲ್ಲ. ಅದು ಅಂಟುವುದಿಲ್ಲ, ಅದರಿಂದ ಯಾರ ಆಯುಸ್ಸೂ ಕಡಿಮೆಯಾಗುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳನ್ನು ದೇಹದ್ದೇ ರೋಗನಿರೋಧಕ ವ್ಯವಸ್ಥೆ ಹಗೆಯೆಂದು ತಿಳಿದು ಕೊಂದಿರುತ್ತದೆ. ಅಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ, ಅಷ್ಟೇ. ಆದರೆ ಬೆರಳ ತುದಿಯಲ್ಲಿ ಕಡಲೆಬೇಳೆಯಷ್ಟು ಬಿಳುಪು ಕಂಡ ದಿನದಿಂದ ಬೇರೊಂದು ಲೆಕ್ಕ ಶುರುವಾಗುತ್ತದೆ. ಬಸ್ಸಿನ ಕಂಬಿ ಯಾವ ಕೈಯಲ್ಲಿ ಹಿಡಿಯಬೇಕು, ಚಿಲ್ಲರೆ ಯಾವ ಕೈಯಲ್ಲಿ ಕೊಡಬೇಕು, ಮದುವೆಮನೆಯಲ್ಲಿ ಬಡಿಸಲು ನಿಲ್ಲಬೇಕೋ ಬೇಡವೋ. ಜಗತ್ತಿನ ಜನಸಂಖ್ಯೆಯ ಶೇ 0.5ರಿಂದ 2ರಷ್ಟು ಮಂದಿಗೆ ಇದು ಇದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ 20 ತುಂಬುವ ಮೊದಲೇ, ಅಂದರೆ ಓದು, ಕೆಲಸ, ಮದುವೆ ಮೂರೂ ಇನ್ನೂ ಮುಂದಿರುವಾಗಲೇ, ಕಾಣಿಸಿಕೊಳ್ಳುತ್ತದೆ. ಈ ಲೇಖನ ಆ ಲೆಕ್ಕದ ಕುರಿತದ್ದು. ಮದ್ದಿನ ಮಾತು ಬರುತ್ತದೆ, ಆದರೆ ಲೆಕ್ಕಕ್ಕೆ ಬೇಕಾದಷ್ಟೇ.

ಹೆಸರಿನ ತೊಡಕು

ಕನ್ನಡದಲ್ಲಿ ತೊನ್ನು ರೋಗದ ಹೆಸರೂ ಹೌದು, ಬೈಗುಳವೂ ಹೌದು. ಬೈಗುಳದಿಂದ ತಪ್ಪಿಸಿಕೊಳ್ಳಲು ಸಭ್ಯರು ‘ಶ್ವೇತಕುಷ್ಠ’ ಎನ್ನುತ್ತಾರೆ. ಅದು ಇನ್ನೂ ದುಬಾರಿ ಪದ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಕುಷ್ಠ ಎಂಬುದು ಒಂದೇ ರೋಗವಲ್ಲ, ಚರ್ಮದ ಹಲವು ತೊಂದರೆಗಳಿಗೆ ಇದ್ದ ಒಟ್ಟು ಹೆಸರು. ಚರಕ ಸಂಹಿತೆಯಲ್ಲಿ ಬಿಳಿ ಮಚ್ಚೆಯ ವಿಚಾರ ‘ಕಿಲಾಸ’, ‘ಶ್ವಿತ್ರ’ ಎಂಬ ಹೆಸರಲ್ಲಿ ಕುಷ್ಠ ಚಿಕಿತ್ಸೆಯ ಅಧ್ಯಾಯದಲ್ಲೇ ಬರುತ್ತದೆ. ಮುಂದೆ ಕುಷ್ಠ ಎಂಬ ಪದ ಬ್ಯಾಕ್ಟೀರಿಯಾದಿಂದ ಬರುವ ಒಂದೇ ಒಂದು ರೋಗಕ್ಕೆ ಮೀಸಲಾಯಿತು. ‘ಶ್ವೇತಕುಷ್ಠ’ ಮಾತ್ರ ಹಳೆಯ ಜಾಗದಲ್ಲೇ ಉಳಿದು, ಸಂಬಂಧವೇ ಇಲ್ಲದ ಭಯವನ್ನು ಹೊತ್ತುಕೊಂಡಿತು.

ಹಾಗಂತ ಎಲ್ಲ ತಪ್ಪನ್ನೂ ಪದದ ಗೊಂದಲದ ಮೇಲೆ ಹಾಕುವಂತಿಲ್ಲ. ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿ ಹೆಣ್ಣು ತರಬಾರದ ಕುಲಗಳ ಪಟ್ಟಿಯಿದೆ. ಅಲ್ಲಿ ಶ್ವಿತ್ರವಿರುವ ಕುಲ, ಕುಷ್ಠವಿರುವ ಕುಲ ಎಂದು ಎರಡನ್ನೂ ಬೇರೆಬೇರೆಯಾಗಿಯೇ ಹೆಸರಿಸಲಾಗಿದೆ. ಎರಡೂ ಬೇರೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಎರಡನ್ನೂ ಹೊರಗಿಟ್ಟರು. ಹೊರಗಿಟ್ಟದ್ದು ವ್ಯಕ್ತಿಯನ್ನಲ್ಲ, ಕುಲವನ್ನು. ಇವತ್ತಿಗೂ ಅಕ್ಕನ ಕಾಲಿನ ಮಚ್ಚೆ ತಂಗಿಯ ಸಂಬಂಧ ತಪ್ಪಿಸುವುದು ಇದೇ ದಾರಿಯಲ್ಲಿ.

ವ್ಯತ್ಯಾಸ ಗುರುತಿಸುವುದು ಕಷ್ಟವೇನಲ್ಲ. ತೊನ್ನಿನ ಮಚ್ಚೆ ಸುಣ್ಣದಂತೆ ಬಿಳಿ, ಅಂಚು ಸ್ಪಷ್ಟ. ಹತ್ತಿಯ ಎಳೆ ತಾಗಿದರೂ ಗೊತ್ತಾಗುತ್ತದೆ. ಕುಷ್ಠದ ಮಚ್ಚೆ ಪೂರ್ತಿ ಬಿಳಿಯಾಗುವುದಿಲ್ಲ, ಮಾಸಲು ಅಥವಾ ಕೆಂಪಾಗಿರುತ್ತದೆ. ಅಲ್ಲಿ ಸ್ಪರ್ಶ ಮಂದ, ಬೆವರು ಕಡಿಮೆ. ಚಿಬ್ಬು ಶಿಲೀಂಧ್ರದ್ದು, ಕೆರೆದರೆ ಹೊಟ್ಟಿನಂತೆ ಉದುರುತ್ತದೆ, ಮುಲಾಮಿಗೆ ಬಗ್ಗುತ್ತದೆ. ಅನುಮಾನವಿದ್ದರೆ ಚರ್ಮದ ವೈದ್ಯರು ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಹಿಡಿಯುತ್ತಾರೆ. 365 ನ್ಯಾನೊಮೀಟರ್ ಸುತ್ತಲಿನ ಆ ನೇರಳಾತೀತ ಬೆಳಕಿನಲ್ಲಿ ತೊನ್ನು ನೀಲಿಬಿಳಿಯಾಗಿ ಹೊಳೆಯುತ್ತದೆ, ಬರಿಗಣ್ಣಿಗೆ ಇನ್ನೂ ಕಾಣದ ಮಚ್ಚೆಗಳೂ ಬಯಲಾಗುತ್ತವೆ.

ಆದರೆ ಈ ವ್ಯತ್ಯಾಸವನ್ನು ಹೇಳುವ ಕ್ರಮದಲ್ಲಿ ಒಂದು ತಪ್ಪು ನುಸುಳುತ್ತದೆ. “ಅಯ್ಯೋ, ಇದು ಕುಷ್ಠ ಅಲ್ಲ ಕಣ್ರೀ” ಎಂಬ ಸಮಜಾಯಿಷಿ, ಕುಷ್ಠವಾಗಿದ್ದರೆ ದೂರ ಕೂರುವುದು ಸರಿಯೇ ಎಂದು ಒಪ್ಪಿಕೊಂಡಂತೆ. ತನ್ನ ಮೇಲಿನ ಕಳಂಕವನ್ನು ಪಕ್ಕದವರ ತಲೆಗೆ ದಾಟಿಸುವ ಕೆಲಸ ಅದು. ಕುಷ್ಠಕ್ಕೆ 6 ಅಥವಾ 12 ತಿಂಗಳ ಬಹುಔಷಧ ಚಿಕಿತ್ಸೆ ಇದೆ, ಔಷಧ ಶುರುವಾದ ಸ್ವಲ್ಪ ಕಾಲಕ್ಕೇ ಹರಡುವುದು ನಿಲ್ಲುತ್ತದೆ. ಕುಷ್ಠರೋಗಿಗಳನ್ನು ಕೂಡಿಹಾಕಲು ಅವಕಾಶ ಕೊಟ್ಟಿದ್ದ 1898ರ ಕಾಯ್ದೆ ರದ್ದಾದದ್ದು 2016ರಲ್ಲಿ, ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆದದ್ದು 2019ರಲ್ಲಿ. “ಇದು ಬೇರೆ, ಅದೂ ಹೆದರುವಂಥದ್ದಲ್ಲ” ಎಂದರೆ ಎರಡು ಪದ ಹೆಚ್ಚಾಗುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ.

ಇನ್ನು ಕಾರಣದ ಕಥೆಗಳು. ಮೀನು ತಿಂದು ಹಾಲು ಕುಡಿದದ್ದು, ಹಾವು ಕೊಂದದ್ದು, ನಾಗದೋಷ. ಕುಕ್ಕೆಯ ಮೃತ್ತಿಕೆ ಪ್ರಸಾದವನ್ನು ಮಚ್ಚೆಗೆ ಹಚ್ಚುವವರು ಇಂದಿಗೂ ಇದ್ದಾರೆ. ನಂಬಿಕೆಯಿಂದ ಮನಸ್ಸಿಗೆ ಸಮಾಧಾನ ಸಿಗಬಹುದು. ತೊಂದರೆ ಎಲ್ಲೆಂದರೆ, ಇಂಥ ಪ್ರತಿ ಕಾರಣವೂ ‘ಯಾರೋ ಏನೋ ತಪ್ಪು ಮಾಡಿದ್ದಾರೆ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹುಳಿ ಬಿಡು, ಹಾಲು ಬಿಡು, ಮೊಸರು ಬಿಡು ಎಂಬ ಪಥ್ಯಕ್ಕೂ ಆಧಾರವಿಲ್ಲ. ಊಟದ ಪಂಕ್ತಿಯಲ್ಲಿ ಇವರೊಬ್ಬರನ್ನು ಬೇರೆ ಮಾಡಿ ತೋರಿಸುವುದಷ್ಟೇ ಅದರ ಫಲ.

ಗೊತ್ತಾದವರು, ಗೊತ್ತಾಗಬಹುದಾದವರು

1963ರಲ್ಲಿ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ ಕಳಂಕದ ಬಗ್ಗೆ ಬರೆಯುತ್ತ ಜನರನ್ನು ಎರಡು ಗುಂಪು ಮಾಡಿದರು. ಒಂದು, ಕುಂದು ಎದುರಿಗಿರುವವರಿಗೆ ಈಗಾಗಲೇ ಗೊತ್ತಾದವರು. ಇನ್ನೊಂದು, ಇನ್ನೂ ಗೊತ್ತಾಗದವರು, ಆದರೆ ಯಾವ ಗಳಿಗೆಯಲ್ಲಾದರೂ ಗೊತ್ತಾಗಬಹುದಾದವರು. ಮೊದಲನೆಯವರ ಕೆಲಸ ಮುಜುಗರವನ್ನು ನಿಭಾಯಿಸುವುದು: ದಿಟ್ಟಿಸುವ ಕಣ್ಣು, ತಟ್ಟನೆ ನಿಲ್ಲುವ ಮಾತು, ಅತಿಯಾದ ಕರುಣೆ. ಎರಡನೆಯವರ ಕೆಲಸ ಮಾಹಿತಿಯನ್ನು ನಿಭಾಯಿಸುವುದು: ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು, ಯಾರು ಯಾರ ಹತ್ತಿರ ಬಾಯಿಬಿಡುತ್ತಾರೆ.

ತೊನ್ನಿನ ವಿಶೇಷವೆಂದರೆ ಒಬ್ಬರೇ ಎರಡೂ ಕಡೆ ಓಡಾಡುತ್ತಿರುತ್ತಾರೆ. ಸೊಂಟದಲ್ಲಿ ಲಂಗದ ಲಾಡಿ ಉಜ್ಜುವ ಕಡೆ ಶುರುವಾದ ಮಚ್ಚೆ ವರ್ಷಗಟ್ಟಲೆ ಸೀರೆಯೊಳಗೇ ಇರಬಹುದು, ಮುಂದೆ ಬೆರಳಿಗೂ ತುಟಿಗೂ ಬರಬಹುದು. ಒಂದೇ ದಿನದಲ್ಲೂ ಹೀಗೆಯೇ: ಪೂರ್ಣ ತೋಳಿನ ಅಂಗಿಯಲ್ಲಿ ಆಫೀಸಿನಲ್ಲಿರುವಾಗ ಯಾರಿಗೂ ಗೊತ್ತಿಲ್ಲ, ಸಂಜೆ ಈಜುಕೊಳದಲ್ಲಿ ಎಲ್ಲರಿಗೂ ಗೊತ್ತು. ಪೋಲಿಯೊದಿಂದ ಸೊರಗಿದ ಕಾಲಾಗಲೀ ಸುಟ್ಟ ಗಾಯದ ಕಲೆಯಾಗಲೀ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ, ಮನುಷ್ಯ ಅದರ ಜೊತೆ ಒಂದು ಒಪ್ಪಂದಕ್ಕೆ ಬರಬಹುದು. ತೊನ್ನು ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಹಬ್ಬುತ್ತದೆ, ಕೆಲವೊಮ್ಮೆ ತಾನಾಗಿಯೇ ಬಣ್ಣ ಮರಳುತ್ತದೆ. ಹಾಗಾಗಿ ಇಲ್ಲಿ ಒಪ್ಪಂದವನ್ನು ಮತ್ತೆ ಮತ್ತೆ ಬರೆಯಬೇಕು. ಮಚ್ಚೆ ಚಿಕ್ಕದಿದ್ದರೆ ಸಂಕಟವೂ ಚಿಕ್ಕದು ಎಂಬ ಅಂದಾಜು ತಪ್ಪುವುದು ಇಲ್ಲಿಯೇ. ಮೈಯೆಲ್ಲ ಹಬ್ಬಿದವರು ಬಚ್ಚಿಡುವುದನ್ನು ಬಿಟ್ಟು ನಿರಾಳವಾಗಿರಬಹುದು. ಒಂದೇ ಮಚ್ಚೆ ಇರುವವರು ದಿನವಿಡೀ ಕಾವಲು ಕಾಯುತ್ತಿರಬಹುದು.

ಮುಚ್ಚುವ ಕೆಲಸ

ಮುಚ್ಚಿಡುವುದನ್ನು ಹೇಡಿತನ ಎಂದು ಕರೆಯುವವರಿದ್ದಾರೆ. ಸಂದರ್ಶನಕ್ಕೆ ಹೋಗುವ ಒಂದು ದಿನವಾದರೂ ತನ್ನ ಚರ್ಮ ಚರ್ಚೆಯ ವಿಷಯವಾಗಬಾರದು ಎಂದು ಬಯಸುವುದರಲ್ಲಿ ಹೇಡಿತನವೇನಿದೆ? ಆದರೆ ಅದು ಕೆಲಸ. ಕೆಲಸಕ್ಕೆ ಸಮಯವೂ ಹಣವೂ ಬೇಕು.

ಮರೆಮಾಚುವ ಕ್ರೀಮನ್ನು ಹಗಲು ಬೆಳಕಿನಲ್ಲಿ, ಮಚ್ಚೆಯ ಪಕ್ಕದ ಚರ್ಮದ ಮೇಲಿಟ್ಟು ಆರಿಸಬೇಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಹೊಂದಿದ ಬಣ್ಣ ಬಿಸಿಲಿಗೆ ಬಂದರೆ ಬೂದಿಯಾಗಿ ಕಾಣುತ್ತದೆ. ಮುಖದ ಬಣ್ಣ, ಕೈಯ ಬಣ್ಣ ಒಂದೇ ಅಲ್ಲ. ಬೇಸಿಗೆಯ ಬಣ್ಣವೂ ಮಳೆಗಾಲದ ಬಣ್ಣವೂ ಒಂದೇ ಅಲ್ಲ. ಹಾಗಾಗಿ ಕನಿಷ್ಠ ಎರಡು ಛಾಯೆ ಇಟ್ಟುಕೊಂಡು ಬೆರೆಸಿಕೊಳ್ಳುವುದು ಜಾಣತನ. ತೆಳುವಾಗಿ ತಟ್ಟಿ ಹಚ್ಚಬೇಕು, ಉಜ್ಜಬಾರದು. ಅಂಚಿನಿಂದ ಅರ್ಧ ಸೆಂಟಿಮೀಟರ್ ಆಚೆಗೂ ತೇಲಿಸಬೇಕು, ಇಲ್ಲದಿದ್ದರೆ ಮಚ್ಚೆಯ ನಕ್ಷೆಯೇ ಮೂಡುತ್ತದೆ. ಮೇಲೆ ಪುಡಿ ಹಾಕಿ ಐದರಿಂದ ಹತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಕೊಡವಬೇಕು. ಕೈಬೆರಳಲ್ಲಿ ಇದು ನಿಲ್ಲುವುದಿಲ್ಲ, ಪಾತ್ರೆ ತೊಳೆದರೆ ಮುಗಿಯಿತು. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಮುಖದ ಮೇಲೂ ಕಷ್ಟ.

ಇನ್ನೊಂದು ದಾರಿ ಡೈಹೈಡ್ರಾಕ್ಸಿಅಸಿಟೋನ್ ಇರುವ ಲೋಷನ್. ಇದು ಚರ್ಮದ ಮೇಲ್ಪದರದ ಪ್ರೋಟೀನಿನ ಜೊತೆ ಕೂಡಿ ಕಂದು ಬಣ್ಣ ತರುತ್ತದೆ, ನೀರಿಗೆ ತಕ್ಷಣ ಹೋಗುವುದಿಲ್ಲ. ಬಣ್ಣ ಕೆಲವು ಗಂಟೆಗಳಲ್ಲಿ ಮೂಡಿ, ಸತ್ತ ಚರ್ಮ ಉದುರಿದಂತೆ ಮೂರರಿಂದ ಏಳು ದಿನದಲ್ಲಿ ಮಾಸುತ್ತದೆ. ಹಚ್ಚಿದ ಮೇಲೆ ಅಂಗೈ ತೊಳೆಯದಿದ್ದರೆ ಅಂಗೈಯೂ ಕಂದಾಗುತ್ತದೆ. ಗೆಣ್ಣು, ಮೊಣಕೈಯಂಥ ಒರಟು ಜಾಗದಲ್ಲಿ ಬಣ್ಣ ಹೆಚ್ಚು ಹೀರಿ ಕಪ್ಪು ಗೆರೆ ಬೀಳುತ್ತದೆ. ಬಂದ ಕಂದು ಬಣ್ಣ ಬಿಸಿಲಿನಿಂದ ಕಾಪಾಡುತ್ತದೆ ಎಂದು ನಂಬಬಾರದು, ಸನ್‌ಸ್ಕ್ರೀನ್ ಬೇರೆಯೇ ಹಚ್ಚಬೇಕು. ಹಚ್ಚೆಯಂತೆ ಬಣ್ಣ ಚುಚ್ಚುವುದು ಎಲ್ಲಕ್ಕಿಂತ ಅಪಾಯದ ದಾರಿ: ಮಚ್ಚೆ ಮುಂದೆ ಹಬ್ಬಿದರೆ ಚುಚ್ಚಿದ ಬಣ್ಣ ನಡುವೆ ದ್ವೀಪವಾಗಿ ಉಳಿಯುತ್ತದೆ, ಕಾಲ ಕಳೆದಂತೆ ನೀಲಿಗೆ ತಿರುಗಬಹುದು.

ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಹಬ್ಬುತ್ತಿರುವ ತೊನ್ನಿನಲ್ಲಿ ಚರ್ಮಕ್ಕೆ ಗಾಯ, ಗೀರು, ಸತತ ಉಜ್ಜಾಟ ಆದ ಕಡೆ ಹೊಸ ಮಚ್ಚೆ ಏಳುತ್ತದೆ. ಇದಕ್ಕೆ ಕೋಬ್ನರ್ ಪರಿಣಾಮ ಎಂದು ಹೆಸರು. ಬಿಗಿ ಲಾಡಿ, ಬೆಲ್ಟು, ಸ್ನಾನಕ್ಕೆ ಒರಟು ನಾರು, ಇವೆಲ್ಲ ಇದರಲ್ಲಿ ಸೇರುತ್ತವೆ. ಮರೆಮಾಚಿದ ಕ್ರೀಮನ್ನು ರಾತ್ರಿ ತಿಕ್ಕಿ ತಿಕ್ಕಿ ತೆಗೆಯುವವರು ಮುಚ್ಚಲು ಹೋಗಿ ಹಬ್ಬಿಸಿಕೊಳ್ಳುತ್ತಾರೆ. ಎಣ್ಣೆಯಲ್ಲಿ ಕರಗಿಸಿ ಒರೆಸಿದರೆ ಸಾಕು. ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಕೂರುವ ಮನೆಮದ್ದಿನಲ್ಲೂ ಇದೇ ಗಂಡಾಂತರ. ಬಾವಂಚಿಯಲ್ಲಿ ಸೋರಾಲೆನ್ ಎಂಬ, ಬೆಳಕಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ವಸ್ತು ನಿಜಕ್ಕೂ ಇದೆ. ಆದರೆ ಎಣ್ಣೆಯಲ್ಲಿ ಎಷ್ಟಿದೆ, ಬಿಸಿಲು ಎಷ್ಟಿದೆ ಎಂಬ ಅಳತೆ ತಪ್ಪಿದರೆ ಬೊಬ್ಬೆ ಏಳುತ್ತದೆ, ಬೊಬ್ಬೆಯ ಜಾಗ ಬಿಳಿಯಾಗಬಹುದು.

ಹಣೆಯ ನಡುವೆ ಗುಂಡಗೆ ಬೆಳ್ಳಗಾಗಿದ್ದರೆ ಮೊದಲು ಸ್ಟಿಕ್ಕರ್ ಬಿಂದಿಯನ್ನು ಅನುಮಾನಿಸಿ. ಅದರ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಬಣ್ಣದ ಕೋಶಗಳಿಗೆ ವಿಷ. ಪಾದದ ಮೇಲೆ ‘ವಿ’ ಆಕಾರದಲ್ಲಿ ಬಂದಿದ್ದರೆ ರಬ್ಬರ್ ಚಪ್ಪಲಿಯ ಪಟ್ಟಿ. ಇವು ರಾಸಾಯನಿಕದಿಂದ ಬರುವ ಬಿಳುಪು; ವಸ್ತುವನ್ನು ಬಿಟ್ಟರೆ ಹಲವರಲ್ಲಿ ಅಲ್ಲಿಗೇ ನಿಲ್ಲುತ್ತದೆ. ಬಿಂದಿಯಿಂದ ಬಂದ ಬಿಳುಪನ್ನು ಮುಚ್ಚಲು ಇನ್ನೂ ದೊಡ್ಡ ಬಿಂದಿ ಅಂಟಿಸುವುದು ಎಷ್ಟೋ ಮನೆಗಳಲ್ಲಿ ನಡೆಯುವ ತಪ್ಪು.

ಚಿಕಿತ್ಸೆಯಿಂದಲೂ ಗುಟ್ಟು ಬಯಲಾಗುತ್ತದೆ

ಸಾಮಾನ್ಯ ಚಿಕಿತ್ಸೆ ಟ್ಯಾಕ್ರೊಲಿಮಸ್ ಅಥವಾ ಸ್ಟೀರಾಯ್ಡ್ ಮುಲಾಮು, ಜೊತೆಗೆ 311 ನ್ಯಾನೊಮೀಟರಿನ ನೇರಳಾತೀತ ಬೆಳಕು. ಬೆಳಕಿಗೆ ವಾರಕ್ಕೆ ಎರಡು ಮೂರು ಸಲ ಹೋಗಬೇಕು, ಫಲ ಕಾಣಲು ಮೂರು ತಿಂಗಳಾದರೂ ಬೇಕು, ಕೋರ್ಸು ಆರು ತಿಂಗಳು ಮೀರುವುದು ಮಾಮೂಲು. ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ವಾರಕ್ಕೆ ಮೂರು ದಿನ ಬಸ್ಸು ಹತ್ತುವವರಿಗೆ “ಎಲ್ಲಿಗೆ ಹೋಗ್ತೀ?” ಎಂಬ ಪ್ರಶ್ನೆ ತಪ್ಪದು. ಗುಟ್ಟಾಗಿ ಚಿಕಿತ್ಸೆ ಪಡೆಯುವುದು ಬಹಳ ಜನಕ್ಕೆ ಸಾಧ್ಯವೇ ಇಲ್ಲ.

ಮೊದಲ ವಾರಗಳಲ್ಲಿ ಇನ್ನೊಂದು ಆಟ ನಡೆಯುತ್ತದೆ. ಬೆಳಕಿಗೆ ಸುತ್ತಲಿನ ಚರ್ಮ ಮೊದಲು ಕಪ್ಪಾಗುತ್ತದೆ, ಹಾಗಾಗಿ ಮಚ್ಚೆ ಮೊದಲಿಗಿಂತ ಎದ್ದು ಕಾಣುತ್ತದೆ. ಬಣ್ಣ ಮರಳುವಾಗಲೂ ಸಮನಾಗಿ ಮರಳುವುದಿಲ್ಲ. ಕೂದಲ ಬುಡದಲ್ಲಿ ಉಳಿದಿರುವ ಕೋಶಗಳು ಹೊರಬಂದು ರಾಗಿಕಾಳಿನಂಥ ಕಂದು ಚುಕ್ಕೆ ಮೂಡುತ್ತವೆ, ಅವು ಹರಡಿ ಒಂದಾಗಬೇಕು. ಇದನ್ನು ಮುಂಚೆ ಹೇಳಿರದಿದ್ದರೆ “ಔಷಧಿಯಿಂದ ಜಾಸ್ತಿಯಾಯ್ತು” ಎಂದು ಎರಡನೇ ತಿಂಗಳಿಗೆ ಬಿಟ್ಟುಬಿಡುತ್ತಾರೆ. ಮುಖ, ಕುತ್ತಿಗೆಯಲ್ಲಿ ಫಲ ಚೆನ್ನಾಗಿದೆ. ಬೆರಳ ತುದಿ, ತುಟಿ, ಪಾದದಲ್ಲಿ ಕೂದಲ ಬುಡವೇ ಇಲ್ಲ ಅಥವಾ ಕಡಿಮೆ, ಆದ್ದರಿಂದ ಫಲವೂ ಕಡಿಮೆ. ಎಲ್ಲರ ಕಣ್ಣಿಗೆ ಬೀಳುವ ಜಾಗವೇ ಹಟಮಾರಿ. ಮಚ್ಚೆ ಕನಿಷ್ಠ ಒಂದು ವರ್ಷ ಬದಲಾಗದೆ ನಿಂತಿದ್ದರೆ ಕಸಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ, ಅದಕ್ಕಿಂತ ಮೊದಲು ಮಾಡಿದರೆ ಚರ್ಮ ತೆಗೆದ ಜಾಗವೂ ಬಿಳಿಯಾಗಬಹುದು. ಥೈರಾಯ್ಡ್ ತೊಂದರೆ ಜೊತೆಗಿರುವುದು ಅಪರೂಪವಲ್ಲ, ಅದಕ್ಕಾಗಿ ಟಿಎಸ್‌ಎಚ್ ಎಂಬ ಒಂದು ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. “ಗ್ಯಾರಂಟಿ ವಾಸಿ” ಎಂಬ ಗೋಡೆಬರಹ ಕಂಡರೆ ನೆನಪಿಡಿ: 1954ರ ಮಾಂತ್ರಿಕ ಔಷಧ ಜಾಹೀರಾತು ಕಾಯ್ದೆ ಯಾವ ರೋಗಗಳಿಗೆ ಹೀಗೆ ಜಾಹೀರಾತು ಕೊಡಬಾರದೆಂದು ಪಟ್ಟಿ ಮಾಡಿದೆಯೋ ಅದರಲ್ಲಿ ತೊನ್ನೂ ಇದೆ.

ಹೇಳುವ ರೀತಿ

ಮುಚ್ಚುವುದಕ್ಕೆ ಇರುವಂತೆ ಹೇಳುವುದಕ್ಕೂ ಒಂದು ಕ್ರಮವಿದೆ. ಉದ್ದ ಹೇಳಿದಷ್ಟೂ ಎದುರಿಗಿರುವವರು ಅದನ್ನು ದೊಡ್ಡ ಸಂಗತಿಯೆಂದು ತಿಳಿಯುತ್ತಾರೆ. ಹೊಸ ಸಹೋದ್ಯೋಗಿಗೆ “ಇದು ತೊನ್ನು, ಅಂಟಲ್ಲ, ನೋವೂ ಇಲ್ಲ” ಎಂಬ ಒಂದೇ ಉಸಿರಿನ ಮಾತು ಸಾಕು. ಅದಾದ ತಕ್ಷಣ ಬೇರೆ ಮಾತು ತೆಗೆಯಬೇಕು, ಏಕೆಂದರೆ ಮುಂದೇನು ಹೇಳಬೇಕೆಂದು ಆ ಕಡೆಯವರಿಗೆ ತೋಚುವುದಿಲ್ಲ. ಕ್ಷಮೆ ಕೇಳುವ ದನಿ ಬೇಡ. ಬಸ್ಸಿನಲ್ಲಿ ಅಪರಿಚಿತರು “ಒಬ್ಬ ಪಂಡಿತರಿದ್ದಾರೆ, ನಂಬರ್ ಕೊಡ್ಲಾ?” ಎಂದರೆ “ತೋರಿಸ್ತಾ ಇದ್ದೀನಿ” ಎಂಬ ಎರಡು ಪದದಲ್ಲಿ ಬಾಗಿಲು ಮುಚ್ಚುತ್ತದೆ. ವಾದಕ್ಕೆ ಇಳಿದರೆ ಮುಂದಿನ ನಿಲ್ದಾಣದವರೆಗೂ ಪಾಠ ಮಾಡಬೇಕಾಗುತ್ತದೆ.

ಶಾಲೆಯಲ್ಲಿ ಮಗುವಿನ ಪರವಾಗಿ ಮೊದಲು ಟೀಚರಿಗೆ ಹೇಳಬೇಕು, ಆಮೇಲೆ ಬೆಂಚಿನ ಜೊತೆಗಾರರಿಗೆ. ಇಡೀ ತರಗತಿಯ ಮುಂದೆ ಮಗುವನ್ನು ನಿಲ್ಲಿಸಿ ಅರಿವು ಮೂಡಿಸುವುದು ಒಳ್ಳೆಯ ಮನಸ್ಸಿನ ಕ್ರೌರ್ಯ. ಮಗುವಿಗೆ ತನ್ನದೇ ಒಂದು ವಾಕ್ಯ ಬಾಯಿಪಾಠ ಇರಲಿ. “ಅಮ್ಮನ್ನ ಕೇಳಿ” ಎಂದು ಹೇಳಬೇಕಾಗಿ ಬಂದ ಮಗು, ತನ್ನ ಮೈ ತಾನು ಮಾತಾಡಬಾರದ ವಿಷಯ ಎಂದು ಕಲಿಯುತ್ತದೆ.

ಮದುವೆ ಮಾತುಕತೆಯೇ ಕಷ್ಟದ್ದು. ಜಾತಕಕ್ಕೆ ಮೊದಲೇ ಹೇಳಿದರೆ ಫೋಟೊ ಕೂಡ ನೋಡದೆ ವಾಪಸ್, ನಿಶ್ಚಿತಾರ್ಥದ ನಂತರ ಹೇಳಿದರೆ ಮೋಸದ ಆರೋಪ. ಜಾತಕ ಕೂಡಿ, ಇಬ್ಬರೂ ಒಮ್ಮೆ ಮಾತಾಡಿ, ಮನೆಯವರು ಒಪ್ಪಿಗೆಗೆ ಕೂರುವ ಮುಂಚಿನ ಹೊತ್ತೇ ಸರಿ. ಹೇಳಬೇಕಾದವರು ಹುಡುಗಿ ಅಥವಾ ಹುಡುಗನೇ, ದಲ್ಲಾಳಿಯಲ್ಲ. ಬಾಯಲ್ಲಿ ಹೇಳಿದ ಮೇಲೆ ಮೊಬೈಲಿನಲ್ಲಿ ಒಂದು ಸಾಲಿನ ಸಂದೇಶವೂ ಇರಲಿ. ಇದು ಅತಿಯಾಯಿತು ಅನಿಸಬಹುದು. ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಪ್ರಕಾರ ಮಹತ್ವದ ಸಂಗತಿಯ ಬಗ್ಗೆ ವಂಚಿಸಿ ಒಪ್ಪಿಗೆ ಪಡೆದರೆಂದು ಮದುವೆ ರದ್ದು ಕೋರಬಹುದು, ವಂಚನೆ ಗೊತ್ತಾದ ಒಂದು ವರ್ಷದೊಳಗೆ. “ಹೇಳಿದ್ದೆವು” ಎಂಬುದಕ್ಕೆ ಗುರುತಿದ್ದರೆ ಆ ವಾದ ನಿಲ್ಲುವುದು ಕಷ್ಟ. ಮರುಪ್ರಶ್ನೆ ಹೇಗೂ ಗೊತ್ತಿರುವುದೇ: “ಮಕ್ಕಳಿಗೆ ಬರುತ್ತಾ?” ಉತ್ತರ ಅಂಕಿಯಲ್ಲೇ ಇರಲಿ. ಹತ್ತಿರದ ರಕ್ತಸಂಬಂಧಿಗಳಲ್ಲಿ ಬರುವ ಸಾಧ್ಯತೆ ಶೇ 6ರ ಆಸುಪಾಸು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವುದೂ ನಾಲ್ಕರಲ್ಲಿ ಒಂದು ಪಾಲಿನಷ್ಟೇ.

ಹೊಸ ಗುರುತು

ಮುಚ್ಚುವುದು, ಹೇಳುವುದು ಎರಡರಲ್ಲೂ ತೊನ್ನು ಒಂದು ಕುಂದು ಎಂಬ ಒಪ್ಪಿಗೆ ಹಾಗೇ ಇರುತ್ತದೆ. ಅದನ್ನೇ ಪ್ರಶ್ನಿಸುವವರು ಮೂರನೆಯ ದಾರಿ ಹಿಡಿದಿದ್ದಾರೆ. 2011ರಿಂದ ಜೂನ್ 25ರಂದು ವಿಶ್ವ ವಿಟಿಲಿಗೋ ದಿನ ನಡೆಯುತ್ತಿದೆ; ವಿಟಿಲಿಗೋ ಎಂಬುದು ತೊನ್ನಿನ ವೈದ್ಯಕೀಯ ಹೆಸರು. ಜೂನ್ 25 ಪಾಪ್ ಗಾಯಕ ಮೈಕೆಲ್ ಜಾಕ್ಸನ್ ತೀರಿಕೊಂಡ ದಿನ. ಬೇಕೆಂದೇ ಬೆಳ್ಳಗಾದರೆಂಬ ಆರೋಪ ಹೊತ್ತಿದ್ದ ಅವರು ತಮಗಿರುವುದು ವಿಟಿಲಿಗೋ ಎಂದು 1993ರಲ್ಲಿ ಟಿವಿಯಲ್ಲಿ ಹೇಳಿದರೂ ಬಹಳ ಜನ ನಂಬಲಿಲ್ಲ. 2009ರ ಮರಣೋತ್ತರ ಪರೀಕ್ಷೆಯಲ್ಲಿ ಅದು ಖಚಿತವಾಯಿತು. ಕೆನಡಾದ ವಿನ್ನಿ ಹಾರ್ಲೋ 2014ರಲ್ಲಿ ಅಮೆರಿಕದ ಮಾಡೆಲ್ ಸ್ಪರ್ಧೆಯಲ್ಲಿ ಮಚ್ಚೆ ಮುಚ್ಚದೆ ನಿಂತರು. ತಮ್ಮನ್ನು ವಿಟಿಲಿಗೋದಿಂದ ‘ನರಳುವವರು’ ಎಂದು ಬರೆಯಬೇಡಿ ಎಂದು ಮುಂದೆ ಮಾಧ್ಯಮಗಳಿಗೆ ತಕರಾರೂ ಮಾಡಿದರು.

ಕ್ಯಾಮೆರಾದ ಮುಂದೆ ಚೆಲುವಾಗಿ ಕಾಣುವ ಈ ಹೊಸ ಗುರುತು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ಮದುವೆ ಅಡುಗೆಯವರು, ಹೋಟೆಲ್ ಸಪ್ಲೈಯರ್, ಮನೆಗೆಲಸದವರು, ಅನ್ನ ಮುಟ್ಟುವ ಮೈ ಮುಟ್ಟುವ ಕೆಲಸದವರು ‘ನನ್ನ ಮಚ್ಚೆಯೇ ನನ್ನ ಚೆಲುವು’ ಎಂದರೆ ಮಾಲೀಕರು ಕೇಳುತ್ತಾರೆಯೇ? ಇವರಿಗೆ ಬೇಕಾದದ್ದು ಅಂಟುರೋಗವಲ್ಲ ಎಂದು ಚರ್ಮವೈದ್ಯರು ಬರೆದ, ಮಾಲೀಕರಿಗೆ ತೋರಿಸಬಹುದಾದ ಒಂದು ಚೀಟಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವರ್ಗಗಳಲ್ಲಿ ತೊನ್ನು ಇಲ್ಲ. ಕುಷ್ಠದಿಂದ ಗುಣವಾದವರು, ಆಸಿಡ್ ದಾಳಿಗೆ ಒಳಗಾದವರು ಇದ್ದಾರೆ.

ಫೋಟೊಗಳಿಗಿಂತ ಹೆಚ್ಚು ಕೆಲಸ ಮಾಡುವುದು ಒಂದೆಡೆ ಸೇರುವುದು ಎಂಬುದು ನಮ್ಮ ಅನಿಸಿಕೆ. ಪುಣೆಯಲ್ಲಿ ಡಾ. ಮಾಯಾ ತುಳಪುಳೆ ಕಟ್ಟಿದ ಶ್ವೇತಾ ಅಸೋಸಿಯೇಷನ್ ಇಂಥವರಿಗಾಗಿ ಸ್ವಸಹಾಯ ಸಭೆ, ವಧೂವರರ ಭೇಟಿ ನಡೆಸುತ್ತ ಬಂದಿದೆ; ಮಾಯಾ ಅವರಿಗೂ ತೊನ್ನಿದೆ. ಹತ್ತಾರು ಜನ ತೊನ್ನಿರುವವರೇ ಇರುವ ಕೋಣೆಯಲ್ಲಿ ಮಚ್ಚೆ ಯಾರನ್ನೂ ಬೇರೆ ಮಾಡುವುದಿಲ್ಲ, ಆಗ ಉಳಿದ ಗುಣಗಳು ಮಾತಾಡುತ್ತವೆ. ಆದರೆ ವಧೂವರರ ಭೇಟಿಯ ಬಗ್ಗೆ ಒಂದು ತಕರಾರನ್ನೂ ಕೇಳಬೇಕು: ತೊನ್ನಿರುವವರು ತೊನ್ನಿರುವವರನ್ನೇ ಮದುವೆಯಾಗಬೇಕೆಂಬುದು ಹೊಸ ಜಾತಿಯೊಂದನ್ನು ಮಾಡಿದಂತಲ್ಲವೇ? ಕೆಲವರಿಗೆ ಅದು ನೆಮ್ಮದಿ, ಕೆಲವರಿಗೆ ಅವಮಾನ. ಎರಡೂ ನಿಜ.

ಬಣ್ಣ ಮರಳಿ ಬಂದವರ ಗುರುತೂ ಹಳೆಯದಕ್ಕೆ ಮರಳುವುದಿಲ್ಲ. ಗಾಫ್‌ಮನ್ ಹೇಳಿದ್ದು ಇದನ್ನೇ: ಕುಂದು ಸರಿಹೋದ ಮನುಷ್ಯ ‘ಸಾಮಾನ್ಯ’ ಆಗುವುದಿಲ್ಲ, ‘ಕುಂದನ್ನು ಸರಿಮಾಡಿಕೊಂಡವರು’ ಆಗುತ್ತಾರೆ. ಊರಿನವರಿಗೆ ನೆನಪಿರುತ್ತದೆ. ಮೈಯ ಅರ್ಧಕ್ಕಿಂತ ಹೆಚ್ಚು ಬಿಳಿಯಾದವರಲ್ಲಿ ಕೆಲವರು ಉಲ್ಟಾ ದಾರಿ ಹಿಡಿಯುತ್ತಾರೆ: ಶೇ 20ರ ಮೋನೋಬೆಂಜೋನ್ ಮುಲಾಮಿನಿಂದ ಉಳಿದ ಬಣ್ಣವನ್ನೂ ತೆಗೆಸುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಹಿಂದಕ್ಕೆ ಬರುವ ದಾರಿಯಿಲ್ಲ. ಹಚ್ಚದ ಜಾಗವೂ ಬಿಳಿಯಾಗುತ್ತದೆ, ಹಚ್ಚಿದ ಮೈ ಮಗುವಿಗೆ ಉಜ್ಜಿದರೆ ಮಗುವಿನ ಬಣ್ಣವೂ ಹೋಗಬಹುದು, ಆದ್ದರಿಂದ ಹಚ್ಚಿದ ಮೇಲೆ ಕೆಲವು ಗಂಟೆ ಯಾರಿಗೂ ಚರ್ಮ ತಾಗಿಸಬಾರದು. ಆಮೇಲೆ ಬದುಕಿಡೀ ಸನ್‌ಸ್ಕ್ರೀನ್, ಛತ್ರಿ, ಉದ್ದ ತೋಳು. ಜನ “ಏನಾಯ್ತು?” ಎಂದು ಕೇಳುವುದನ್ನು ಬಿಟ್ಟು “ಯಾವ ದೇಶದವರು?” ಎಂದು ಕೇಳತೊಡಗುತ್ತಾರೆ, ಕನ್ನಡದಲ್ಲಿ ಉತ್ತರ ಬಂದಾಗ ಬೆಚ್ಚುತ್ತಾರೆ. ಆಧಾರ್, ಪಾಸ್‌ಪೋರ್ಟ್ ಫೋಟೊಗಳನ್ನು ಹೊಸದಾಗಿ ತೆಗೆಸಬೇಕು. ಬೆರಳಚ್ಚು ಮಾತ್ರ ಹಳೆಯದೇ ನಡೆಯುತ್ತದೆ. ಅದರ ಗೆರೆಗಳಿಗೂ ಚರ್ಮದ ಬಣ್ಣಕ್ಕೂ ಸಂಬಂಧವಿಲ್ಲ.